ದೇವಳಾಲಿಯ ತಾಪ

ಊರಿನ ಹೆಸರೇ ಹುಚ್ಚು ಎಂಬ ಅರ್ಥದಲ್ಲಿ ಇಂಗ್ಲಿಷ್ ನಿಘಂಟು ಸೇರಿದ ಊರಲ್ಲಿ ನಾನಿದ್ದೇನೆ. ಮೂಲತಃ ಬೆಳಗಾವಿ ಕಡೆಯವ. ತೋಪಖಾನೆಯ ಚಾಕರಿ ಮುಗಿದ ಮೇಲೆ ನಾಸಿಕದ ಬಳಿಯ ದೇವಳಾಲಿ ಕ್ಯಾಂಪಿನಲ್ಲೇ, ಲ್ಯಾಮ್ ರೋಡಿನ ಹತ್ತಿರ, ಮನೆ ಮಾಡಿಕೊಂಡೆ.

ಬ್ರಿಟಿಷರ ಕಾಲದಲ್ಲಿ ಅವಧಿ ಮುಗಿದ ಗೋರಾ ಸಿಪಾಯಿಗಳನ್ನು ಇಲ್ಲಿಗೆ ತಂದು ಬಿಡುತ್ತಿದ್ದರು. ಅವರನ್ನು ಒಯ್ಯುವ ಹಡಗು ಮುಂಬಯಿಯಿಂದ ಹೊರಡುತ್ತಿದ್ದದ್ದು ಚಳಿಗಾಲದ ತಿಂಗಳುಗಳಲ್ಲಿ. ಕೊನೆಯ ಹಡಗು ತಪ್ಪಿತೋ, ಮುಂದಿನ ಚಳಿಗಾಲದ ತನಕ ಕೈಗೆ ಕೆಲಸವಿಲ್ಲದೆ ಬಿಸಿಲು ನೋಡುತ್ತ ಕೂಡಬೇಕು. ಕುಡಿತ, ಜಗಳ, ಜ್ವರ. ಕೆಲವರ ತಲೆಯೂ ಕೆಟ್ಟಿತು. ಅದಕ್ಕೆ ಊರ ಹೆಸರನ್ನೇ ತಿರುಚಿ 'ದೂಲಾಲಿ ಟ್ಯಾಪ್' ಎಂದು ಹೆಸರಿಟ್ಟರು. ಈ ಟ್ಯಾಪ್ ನಲ್ಲಿಯಲ್ಲ. ನಮ್ಮ ತಾಪದ ಬಳಗದ ಮಾತು. ಫ್ರಾಂಕ್ ರಿಚರ್ಡ್ಸ್ ಎಂಬ ಹಳೆಯ ಸಿಪಾಯಿ 1936ರ ತನ್ನ ಪುಸ್ತಕದಲ್ಲಿ ಈ ಕಾಯುವಿಕೆಯ ಬಗ್ಗೆ ಬರೆದಿದ್ದಾನೆ.

ಅಂಥದೇ ಕಾಯುವಿಕೆ ನಮ್ಮ ಮನೆಗೂ ಬಂತು. ಮೊಮ್ಮಗನಿಗೆ ಎರಡು ತುಂಬಿದರೂ ಮಾತು ಬಂದಿರಲಿಲ್ಲ, ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಚಮಚೆಯೊಂದನ್ನು ಗಂಟೆಗಟ್ಟಲೆ ತಿರುಗಿಸುತ್ತಿದ್ದ. ಮಿಕ್ಸರ್ ಹಚ್ಚಿದರೆ ಕಿವಿ ಮುಚ್ಚಿ ಚೀರುತ್ತಿದ್ದ. ದೂರದ ರೇಂಜಿನಲ್ಲಿ ತೋಪು ಹಾರಿದರೆ ಮಾತ್ರ ಏನೂ ಆಗದವನಂತೆ ಕೂತಿರುತ್ತಿದ್ದ. ಅದು ಯಾಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಪಕ್ಕದ ಮನೆಯ ಆಜಿ 'ಬೋಲೇಲ್, ಬೋಲೇಲ್', ಮಾತಾಡ್ತಾನೆ ಬಿಡಿ, ಎಂದರು. ಊರಿಂದ ನಮ್ಮಕ್ಕ, 'ಗಂಡು ಹುಡುಗ್ರು ತಡಾನ ಮಾತಾಡ್ತಾವ ತಗೋ' ಎಂದಳು. ನಾವೂ ಹಡಗು ಕಾಯತೊಡಗಿದೆವು. ಒಂದೂವರೆ ವರ್ಷ ಹೋಯಿತು. ಆಮೇಲೆ ಒಬ್ಬ ಡಾಕ್ಟರು ಸೊಸೆಯ ಕಡೆ ತಿರುಗಿ, 'ನೀವು ಮಗುವಿನ ಜೊತೆ ಮಾತಾಡೋದಿಲ್ವಾ?' ಎಂದುಬಿಟ್ಟರು. ಆ ರಾತ್ರಿ ಅವಳು ಊಟ ಮಾಡಲಿಲ್ಲ.

ಹುಡುಗನಿಗಿದ್ದದ್ದು ಆಟಿಸಂ. ಅದಕ್ಕೆ ತಾಯಿಯೇ ಕಾರಣ ಎಂಬ ಆರೋಪ ಹಳೆಯದು. 1943ರಲ್ಲಿ ಬಾಲ್ಟಿಮೋರಿನ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ವಿವರ ಬರೆದು ಆಟಿಸಂ ಅನ್ನು ಗುರುತಿಸಿದ. ಅವರ ತಂದೆತಾಯಿಯರ ಅಂತಃಕರಣ ತಣ್ಣಗಿತ್ತು ಎಂಬ ಮಾತನ್ನೂ ಜೊತೆಗೆ ಸೇರಿಸಿದ. ಮುಂದೆ ಅದೇ 'ರೆಫ್ರಿಜರೇಟರ್ ತಾಯಿ' ಎಂಬ ಬೈಗುಳವಾಯಿತು. 1964ರಲ್ಲಿ ಬರ್ನಾರ್ಡ್ ರಿಮ್ಲೆಂಡ್ ಅದನ್ನು ತನ್ನ ಪುಸ್ತಕದಲ್ಲಿ ಖಂಡಿಸಿದ. ಆತ ಮನಶ್ಶಾಸ್ತ್ರಜ್ಞ, ಅಂಥದೇ ಮಗನ ತಂದೆ ಕೂಡ.

ನಮ್ಮ ದೇಶದಲ್ಲೂ ವಿಶೇಷ ಮಕ್ಕಳಿಗೆ ಶಾಲೆ ಕಟ್ಟಿದವರು ಹೆಚ್ಚಾಗಿ ಹೆತ್ತವರೇ. 1944ರಲ್ಲಿ ಮುಂಬಯಿಯ ವಕೀಲ್ ದಂಪತಿ ಮಗಳು ದೀನಾಳಿಗಾಗಿ ತೆರೆದದ್ದು ಇಂದಿನ ಜೈ ವಕೀಲ್ ಶಾಲೆ. ನಾಸಿಕದಲ್ಲಿ 1977ರಲ್ಲಿ ರಜನಿ ಲಿಮಯೆ ತಮ್ಮ ಮಗನಂಥ ಮಕ್ಕಳಿಗಾಗಿ ಪ್ರಬೋಧಿನಿ ಶುರುಮಾಡಿದರು. ದಿಲ್ಲಿಯಲ್ಲಿ 1991ರಲ್ಲಿ ಆಕ್ಷನ್ ಫಾರ್ ಆಟಿಸಂ ಕಟ್ಟಿದ ಮೆರ್ರಿ ಬರುವಾ ಕೂಡ ತಾಯಿಯೇ. ಸಂಭಾಜಿನಗರದ 'ಆರಂಭ್' ಕೇಂದ್ರದ ಹಿಂದೆಯೂ ಒಬ್ಬ ತಾಯಿಯಿದ್ದಾರೆ. ಸರಕಾರ ನಿಧಾನ. 1995ರ ಅಂಗವಿಕಲರ ಕಾಯ್ದೆಯ ಏಳು ವರ್ಗಗಳಲ್ಲಿ ಆಟಿಸಂ ಇರಲೇ ಇಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಹೆಸರು ಬಂತು. 2016ರ ಕಾಯ್ದೆಯ 21 ವರ್ಗಗಳಲ್ಲಿ ಜಾಗ ಸಿಕ್ಕಿತು.

ಆಟಿಸಂಗೆ ಕನ್ನಡದಲ್ಲಿ ಸ್ವಲೀನತೆ, ಮರಾಠಿಯಲ್ಲಿ ಸ್ವಮಗ್ನತಾ. ಎರಡೂ ತಪಸ್ಸಿಗೆ ಕೂತವನ ವರ್ಣನೆಯಂತಿವೆ. ಚೆಂದದ ಮಾತು, ಆದರೆ ನಿಜವಲ್ಲ. ನಮ್ಮ ಹುಡುಗ ತನ್ನೊಳಗೆ ಮುಳುಗಿಲ್ಲ. ಹೊರಗಿನದೇ ಅವನಿಗೆ ಅತಿಯಾಗಿದೆ.

ಥೆರಪಿಯ ಮೊದಲ ದಿನ ಟೀಚರು ಹಲ್ಲುಜ್ಜುವುದನ್ನು ಹತ್ತು ತುಂಡು ಮಾಡಿದರು: ಬ್ರಷ್ ಹಿಡಿ, ಒದ್ದೆ ಮಾಡು, ಪೇಸ್ಟ್ ಹಚ್ಚು. ಒಂದೊಂದು ತುಂಡಿಗೂ ಒಂದು ಶಾಬಾಸ್. ನನಗೆ ನಗು ಬಂತು. ಇದು ನಮ್ಮ ಗನ್ ಡ್ರಿಲ್! ಈ ದಾರಿಯನ್ನು ಹೆಸರಾಗಿಸಿದ ಅಮೆರಿಕದ ಈವಾರ್ ಲೋವಾಸ್ 1987ರಲ್ಲಿ ವಾರಕ್ಕೆ 40 ಗಂಟೆಯ ಪಾಠದ ಫಲಿತಾಂಶ ಪ್ರಕಟಿಸಿದ. ಅದಕ್ಕೂ ಮುಂಚೆ ಮಕ್ಕಳಿಗೆ ಏಟು, ಕರೆಂಟಿನ ಶಾಕ್ ಕೊಟ್ಟವನೂ ಅವನೇ. ಆಟಿಸಂ ಇರುವ ಹಿರಿಯರು ಇಂದು ಈ ಡ್ರಿಲ್ಲನ್ನೇ ಪ್ರಶ್ನಿಸುತ್ತಾರೆ. ಡ್ರಿಲ್ ಮಾಡಿಸಿದವನಾಗಿ ಹೇಳುತ್ತೇನೆ, ಅವರ ಮಾತಿನಲ್ಲಿ ಹುರುಳಿದೆ. ಹೆದರಿಸಿ ಕಲಿಸಿದ್ದು ಪರೇಡ್ ಮೈದಾನದಾಚೆ ಉಳಿಯುವುದಿಲ್ಲ. ನಮ್ಮ ಟೀಚರು ಹುಡುಗ ಅತ್ತರೆ ಪಾಠ ನಿಲ್ಲಿಸುತ್ತಾರೆ. ಕಣ್ಣಲ್ಲಿ ಕಣ್ಣಿಟ್ಟು ನೋಡೆಂದು ಗದ್ದ ಹಿಡಿಯುವುದಿಲ್ಲ.

ಈಗ ಅವನಿಗೆ ಒಂಬತ್ತು ವರ್ಷ. ಮಾತು ಬಂದಿಲ್ಲ. ನೀರು ಬೇಕಾದರೆ ಲೋಟದ ಚಿತ್ರ ತಂದು ನನ್ನ ಅಂಗೈಯಲ್ಲಿಡುತ್ತಾನೆ.