ಪಾಚಿ ಮೇಯುವ ತೊರೆಮೀನು ಮತ್ತು ಗಾಜಿನ ತೊಟ್ಟಿ

ಮನೆಯ ಅಕ್ವೇರಿಯಂನ ಗಾಜಿಗೆ ಹಸಿರು ಪಾಚಿ ಕಟ್ಟಿತೆಂದು ಅಂಗಡಿಯಲ್ಲಿ ಹೇಳಿದರೆ ನಿಮಗೆ ಸಾಮಾನ್ಯವಾಗಿ ಸಿಗುವ ಸಲಹೆ, 'ಒಂದು ಸಕ್ಕರ್ ಮೀನು ಬಿಡಿ' ಎಂಬುದು. ಈ ಹೆಸರಿನಲ್ಲಿ ಮಾರಾಟವಾಗುವ ಮೀನುಗಳಲ್ಲಿ ಹಲವು ಬಗೆಗಳಿವೆ. ಅವುಗಳಲ್ಲಿ ಬೆಟ್ಟದ ತೊರೆಗಳಿಗೆ ಸೇರಿದವು ಎಷ್ಟೋ ವೇಳೆ ಕೆಲವೇ ವಾರಗಳಲ್ಲಿ ಸಾಯುತ್ತವೆ. ತಿನ್ನಲು ಪಾಚಿ ಇತ್ತು, ನೀರೂ ಶುದ್ಧವಾಗಿತ್ತು. ಆದರೂ ಹೀಗೇಕೆ? ಉತ್ತರಕ್ಕಾಗಿ ಅಕ್ವೇರಿಯಂ ಹುಟ್ಟಿದ ಬಗೆಯನ್ನು ಸ್ವಲ್ಪ ನೋಡಬೇಕು.

ಕೊಳದ ಮಾದರಿ

1849ರಲ್ಲಿ ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ಒಂದು ಗಾಜಿನ ಪಾತ್ರೆಯಲ್ಲಿ ಚಿನ್ನದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ಜಲಸಸ್ಯವನ್ನೂ ಇಟ್ಟ. ಸಸ್ಯವು ಬಿಡುವ ಆಕ್ಸಿಜನ್ ಮೀನಿಗೆ, ಮೀನು ಬಿಡುವ ಕಾರ್ಬನ್ ಡೈಆಕ್ಸೈಡ್ ಸಸ್ಯಕ್ಕೆ. ಇದು ಅವನ ಲೆಕ್ಕಾಚಾರ. ಆದರೆ ಕೊಳೆತ ಎಲೆಗಳಿಂದಲೂ ಹಸಿರು ಲೋಳೆಯಿಂದಲೂ ನೀರು ಕದಡತೊಡಗಿತು. ಆಗ ಅವನು ಕೊಳದ ಬಸವನಹುಳುಗಳನ್ನು ಬಿಟ್ಟ. ಅವು ಆ ಲೋಳೆಯನ್ನು ಮೇಯ್ದು ನೀರನ್ನು ತಿಳಿಗೊಳಿಸಿದವು. 1850ರಲ್ಲಿ ಅವನು ಈ ಪ್ರಯೋಗದ ವಿವರವನ್ನು ಲಂಡನ್ನಿನ ಕೆಮಿಕಲ್ ಸೊಸೈಟಿಗೆ ನೀಡಿದ. ಲಂಡನ್ ಮೃಗಾಲಯದ ಮತ್ಸ್ಯಾಗಾರ 1853ರಲ್ಲಿ ತೆರೆಯಿತು. ಮರುವರ್ಷ ಬಂದ ಫಿಲಿಪ್ ಗಾಸ್‌ನ ಪುಸ್ತಕ ಈ ಹವ್ಯಾಸವನ್ನು ಮನೆಮನೆಗೆ ಒಯ್ದಿತು.

ಗಮನಿಸಿ, ಪಾಚಿ ತಿನ್ನುವ 'ಜಾಡಮಾಲಿ' ಪ್ರಾಣಿ ಬೇಕೆಂಬ ಕಲ್ಪನೆ ಆರಂಭದಿಂದಲೂ ಇದೆ. ಆದರೆ ವಾರಿಂಗ್ಟನ್‌ನ ಪಾತ್ರೆ ನಿಂತ ನೀರಿನ ಕೊಳದ ಮಾದರಿ; ಅವನ ಮೇಯುವ ಪ್ರಾಣಿಯೂ ಕೊಳದ್ದೇ.

ತೊರೆಯ ಮಾದರಿ

ತೊರೆಮೀನುಗಳ ಅಧ್ಯಯನ ನಡೆದದ್ದು ಬೇರೆ ದಾರಿಯಲ್ಲಿ, ಬಹುಪಾಲು ಭಾರತದಲ್ಲೇ. 1800–01ರಲ್ಲಿ ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರುಗಳನ್ನು ಸುತ್ತಿ ಸಮೀಕ್ಷೆ ಮಾಡಿದ ಫ್ರಾನ್ಸಿಸ್ ಬುಕಾನನ್ ನಿಮಗೆ ಇತಿಹಾಸ ಪಾಠದಿಂದ ಪರಿಚಿತ. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ಪಡೆದ ಅವನೇ 1822ರಲ್ಲಿ ಗಂಗಾನದಿಯ ಮೀನುಗಳ ಕುರಿತ ಗ್ರಂಥದಲ್ಲಿ 'ಗರ್ರ' ಎಂಬ ಗುಂಪನ್ನು ಹೆಸರಿಸಿದ. ಇವುಗಳ ಬಾಯಿ ತಲೆಯ ಅಡಿಭಾಗದಲ್ಲಿರುತ್ತದೆ. ಕೆಳದುಟಿಯ ಹಿಂದೆ ಕಲ್ಲಿಗೆ ಅಂಟಿಕೊಳ್ಳಲು ನೆರವಾಗುವ ಒಂದು ಬಿಲ್ಲೆ ಇರುತ್ತದೆ. ನಮ್ಮ ಪಶ್ಚಿಮ ಘಟ್ಟದ ತೊರೆಗಳಲ್ಲಿ ಕಾಣುವ ಗರ್ರ ಮುಲ್ಯವನ್ನು ಸೈಕ್ಸ್ 1839ರಲ್ಲಿ ವಿವರಿಸಿದ.

ಈ ಅಂಗರಚನೆಗೂ ನೀರಿನ ಹರಿವಿಗೂ ಇರುವ ಸಂಬಂಧವನ್ನು ವಿವರವಾಗಿ ತೋರಿಸಿದವರು ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಸುಂದರ್ ಲಾಲ್ ಹೋರಾ (1896–1955). 1920ರಲ್ಲಿ ಅವರು ದಕ್ಷಿಣದ ಒಂದು ಪುಟ್ಟ ತೊರೆಮೀನಿಗೆ ಕಾವೇರಿಯ ಉಪನದಿ ಭವಾನಿಯ ಹೆಸರಿನಲ್ಲಿ 'ಭವಾನಿಯ' ಎಂಬ ಜಾತಿನಾಮ ಕೊಟ್ಟರು. 1922ರ ಮತ್ತು 1930ರ ಪ್ರಬಂಧಗಳಲ್ಲಿ ಸೆಳೆತದ ನೀರಿನ ಜೀವಿಗಳ ದೇಹರಚನೆಯನ್ನು ವಿಶ್ಲೇಷಿಸಿದರು. ಇಂಥ ಮೀನಿನ ಹೊಟ್ಟೆ ಚಪ್ಪಟೆ. ಎದೆಯ ಮತ್ತು ಸೊಂಟದ ಈಜುರೆಕ್ಕೆಗಳು ಅಡ್ಡಡ್ಡ ಹರಡಿರುತ್ತವೆ. ತೇಲಲು ನೆರವಾಗುವ ಗಾಳಿಚೀಲ ಕಿರಿದಾಗಿರುತ್ತದೆ. ಅಂದರೆ ಈ ಮೀನು ನೀರಿನ ನಡುವೆ ತೇಲುವ ಬದುಕನ್ನು ಬಿಟ್ಟು ಕಲ್ಲಿನ ಮೇಲ್ಮೈಗೆ ಒಗ್ಗಿಕೊಂಡಿದೆ.

ತೊಟ್ಟಿಯಲ್ಲಿ ಆಗುವುದೇನು?

ಮೊದಲನೆಯದು ಆಕ್ಸಿಜನ್. ಬಂಡೆಗಳ ಮೇಲೆ ಚಿಮ್ಮಿ ಹರಿಯುವ ನೀರು ಗಾಳಿಯನ್ನು ಚೆನ್ನಾಗಿ ಹೀರಿಕೊಂಡಿರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 9.1 ಮಿಲಿಗ್ರಾಂ ಆಕ್ಸಿಜನ್ ಹಿಡಿದಿಡಬಲ್ಲುದು. 30 ಡಿಗ್ರಿಯಲ್ಲಿ ಸುಮಾರು 7.6 ಮಾತ್ರ. ಬೇಸಗೆಯಲ್ಲಿ ವಿದ್ಯುತ್ ಕೈಕೊಟ್ಟು ಪಂಪು ನಿಂತರೆ ಈ ಪ್ರಮಾಣ ಇನ್ನೂ ಕುಸಿಯುತ್ತದೆ. ರಾತ್ರಿಯಲ್ಲಂತೂ ಸಸ್ಯಗಳೂ ಆಕ್ಸಿಜನ್ ಬಳಸುತ್ತವೆ. ಕೊಳದ ಮೀನು ತಾಳಿಕೊಳ್ಳಬಹುದಾದ ಈ ಸ್ಥಿತಿಯಲ್ಲಿ ತೊರೆಮೀನು ಉಸಿರುಕಟ್ಟಿ ಸಾಯುತ್ತದೆ.

ಎರಡನೆಯದು ಆಹಾರ. ಈ ಮೀನುಗಳು ಕೆರೆದು ತಿನ್ನುವುದು ಬರಿಯ ಹಸಿರು ಪಾಚಿಯನ್ನಲ್ಲ. ಡಯಾಟಮ್, ಬ್ಯಾಕ್ಟೀರಿಯ, ಸೂಕ್ಷ್ಮ ಪ್ರಾಣಿಗಳು ಸೇರಿದ ತೆಳು ಲೋಳೆಪದರವನ್ನು. ತಿಕ್ಕಿ ತೊಳೆದ ಹೊಸ ತೊಟ್ಟಿಯಲ್ಲಿ ಅದು ಇರುವುದಿಲ್ಲ. ನಮ್ಮ ಕಣ್ಣಿಗೆ ಚೊಕ್ಕಟವಾದ ತೊಟ್ಟಿ, ಮೀನಿಗೆ ಬರಗಾಲದ ಹುಲ್ಲುಗಾವಲು.

ನೀವು ಸಾಕುವಿರಾದರೆ ಎತ್ತರದ ತೊಟ್ಟಿಗಿಂತ ಉದ್ದನೆಯದನ್ನು ಆರಿಸಿ. ನುಣುಪಾದ ಉರುಟು ಕಲ್ಲುಗಳನ್ನು ಜೋಡಿಸಿ, ನೀರು ಒಂದೇ ದಿಕ್ಕಿಗೆ ಹರಿದು ಮೇಲ್ಮೈ ಕಲಕುವಂತೆ ಪಂಪನ್ನು ಇರಿಸಿ. ಬ್ಯಾಟರಿಯಿಂದ ನಡೆಯುವ ಗಾಳಿಪಂಪೊಂದು ಕೈಗೆಟಕುವಂತಿರಲಿ. ಕಲ್ಲುಗಳಲ್ಲಿ ಪಾಚಿ ಕಟ್ಟುವವರೆಗೆ, ಅಂದರೆ ಒಂದೆರಡು ತಿಂಗಳು, ಮೇಯುವ ಮೀನನ್ನು ತರಬೇಡಿ. ಬಕೆಟ್ ನೀರಿನಲ್ಲಿ ಕೆಲವು ಕಲ್ಲುಗಳನ್ನು ಬಿಸಿಲಿಗಿಟ್ಟು, ಪಾಚಿ ಬೆಳೆದ ಮೇಲೆ ಸರದಿಯಂತೆ ತೊಟ್ಟಿಗೆ ಹಾಕಿ. ಗಾಜಿಗೆ ಅಂಟಿ ಮೇಲೇರಬಲ್ಲ ಮೀನುಗಳಾದ್ದರಿಂದ ಮುಚ್ಚಳ ಬಿಗಿಯಾಗಿರಬೇಕು.

ಇನ್ನೊಂದು ಮಾತು. ಸಾಕಲಾಗದ ಮೀನನ್ನು ಕೆರೆಗೋ ಹೊಳೆಗೋ ಬಿಡಬೇಡಿ. ದಕ್ಷಿಣ ಅಮೆರಿಕದಿಂದ ಅಕ್ವೇರಿಯಂ ವ್ಯಾಪಾರದ ಮೂಲಕ ಬಂದ, ಗಟ್ಟಿ ಚಿಪ್ಪಿನ ಸಕ್ಕರ್ ಮೀನು ಈಗಾಗಲೇ ಕೇರಳ, ಆಂಧ್ರಪ್ರದೇಶ, ಪಶ್ಚಿಮ ಬಂಗಾಳಗಳ ನೀರಿನಲ್ಲಿ ನೆಲೆಸಿದೆ. ಹಾಗೆಯೇ ನಮ್ಮ ಘಟ್ಟದ ತೊರೆಗಳಿಂದ ಅಪರೂಪದ ಮೀನುಗಳನ್ನು ಹಿಡಿದು ತರುವುದೂ ಸಲ್ಲದು.

ಶಾಲೆಯಲ್ಲಿ ಅಕ್ವೇರಿಯಂ ಇದ್ದರೆ ವಿದ್ಯಾರ್ಥಿಗಳಿಗೆ ಒಂದು ಸುಲಭ ಚಟುವಟಿಕೆ ಕೊಡಬಹುದು. ಮೀನಿನ ಕಿವಿರುಮುಚ್ಚಳ ನಿಮಿಷಕ್ಕೆ ಎಷ್ಟು ಬಾರಿ ತೆರೆಯುತ್ತದೆಂದು ಮುಂಜಾನೆ ಮತ್ತು ಮಧ್ಯಾಹ್ನ ಎಣಿಸಿ, ನೀರಿನ ಉಷ್ಣತೆಯೊಂದಿಗೆ ಬರೆದಿಡಲಿ. ಒಂದು ವಾರದ ಅಂಕಿಗಳಿಂದ ನಕ್ಷೆ ರಚಿಸಿದರೆ, ನೀರಿಗೂ ಮೀನಿನ ಉಸಿರಿಗೂ ಇರುವ ನಂಟು ಅವರಿಗೇ ಗೋಚರಿಸುತ್ತದೆ.