ರಮೇಶ್ ಕುಮಾರ್, ಕೆ.ಆರ್.

ಕರ್ನಾಟಕದ ರಾಜಕಾರಣಿ, ಎರಡು ಬಾರಿ ವಿಧಾನಸಭಾಧ್ಯಕ್ಷರು (1994–99, 2018–19), ಆರೋಗ್ಯ ಸಚಿವರು (2016–18). ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಅಡ್ಡಗಲ್ ಇವರ ಊರು.

ಚುನಾವಣೆಗಳು. 1978ರಲ್ಲಿ ಶ್ರೀನಿವಾಸಪುರದಿಂದ ಮೊದಲ ಸಲ ಗೆದ್ದರು. ಅಂದಿನಿಂದ 2023ರವರೆಗೆ ನಡೆದ 11 ಸಾರ್ವತ್ರಿಕ ಚುನಾವಣೆಗಳಲ್ಲಿ ಈ ಕ್ಷೇತ್ರ ಮೂರನೆಯವರಿಗೆ ಒಲಿದಿಲ್ಲ. 1978, 1985, 1994, 2004, 2013, 2018 ಇವರವು. 1983, 1989, 1999, 2008, 2023 ಜಿ.ಕೆ. ವೆಂಕಟಶಿವಾರೆಡ್ಡಿ ಅವರವು. ಈ ಮಾವಿನ ಸೀಮೆಯ ಜನ ಇದನ್ನು ‘ಸ್ವಾಮಿ–ರೆಡ್ಡಿ’ ಪೈಪೋಟಿ ಎನ್ನುತ್ತಾರೆ; ‘ಸ್ವಾಮಿ’ ಎಂದರೆ ರಮೇಶ್ ಕುಮಾರ್. ಜನತಾ ಪರಿವಾರಕ್ಕೂ ಕಾಂಗ್ರೆಸ್ಸಿಗೂ ನಡುವೆ ಇಬ್ಬರೂ ಪಕ್ಷ ಬದಲಿಸಿದವರೇ. ಹಾಗಾಗಿ ಇಲ್ಲಿನ ಮತವನ್ನು ಚಿಹ್ನೆಗಿಂತ ಬಣವೇ ನಿರ್ಧರಿಸಿದೆ ಎನ್ನಬಹುದು. ಒಮ್ಮೆ ಅವರು, ಒಮ್ಮೆ ಇವರು ಎಂಬ ಸರದಿ ತಪ್ಪಿದ್ದು 2018ರಲ್ಲಿ ಮಾತ್ರ.

ಸಭಾಧ್ಯಕ್ಷತೆ. ಮೊದಲ ಅವಧಿ ಜನತಾದಳ ಸರ್ಕಾರದ ಕಾಲದ್ದು. ಇವರ ಹೆಸರು ದೇಶದ ಕಾನೂನು ಚರ್ಚೆಗೆ ಬಂದದ್ದು ಎರಡನೆಯ ಅವಧಿಯಲ್ಲಿ. 2019ರ ಜುಲೈನಲ್ಲಿ ಆಡಳಿತ ಮೈತ್ರಿಕೂಟದ ಶಾಸಕರು ಸಾಲುಸಾಲಾಗಿ ರಾಜೀನಾಮೆ ಕೊಟ್ಟರು. ಅವನ್ನು ಒಡನೆ ಅಂಗೀಕರಿಸಬೇಕೇ, ಅನರ್ಹತೆಯ ದೂರುಗಳನ್ನು ಮೊದಲು ಇತ್ಯರ್ಥಪಡಿಸಬೇಕೇ ಎಂಬುದೇ ಪ್ರಶ್ನೆ. ಕಾಲಮಿತಿಯನ್ನು ಸಭಾಧ್ಯಕ್ಷರ ವಿವೇಚನೆಗೇ ಬಿಟ್ಟ ಸುಪ್ರೀಂ ಕೋರ್ಟ್, ಸದನಕ್ಕೆ ಬರುವಂತೆ ಆ ಶಾಸಕರನ್ನು ಬಲವಂತಪಡಿಸುವಂತಿಲ್ಲ ಎಂದಿತು. ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99–105 ಮತಗಳಿಂದ ಬಿತ್ತು. ಸಂವಿಧಾನದ ಹತ್ತನೆಯ ಅನುಸೂಚಿಯಡಿ ಇವರು 25ರಂದು ಮೂವರನ್ನು, 28ರಂದು 14 ಮಂದಿಯನ್ನು ಅನರ್ಹಗೊಳಿಸಿದರು. ವಿಧಾನಸಭೆಯ ಅವಧಿ ಮುಗಿಯುವವರೆಗೂ ಅವರು ಸ್ಪರ್ಧಿಸಕೂಡದು ಎಂದೂ ಆದೇಶಿಸಿದರು. 29ರಂದು ಯಡಿಯೂರಪ್ಪ ವಿಶ್ವಾಸಮತ ಗೆದ್ದ ಮೇಲೆ ಪೀಠ ತೊರೆದರು. ನವೆಂಬರ್ 13ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಸ್ಪರ್ಧೆಯ ನಿರ್ಬಂಧವನ್ನು ಮಾತ್ರ ತೆಗೆದುಹಾಕಿತು. ರಾಜೀನಾಮೆ ಕೊಟ್ಟರೂ ಅದಕ್ಕೆ ಮೊದಲಿನ ಪಕ್ಷಾಂತರದ ಹೊಣೆ ತಪ್ಪದು, ಆದರೆ ಅನರ್ಹತೆಯ ಅವಧಿಯನ್ನು ಸಭಾಧ್ಯಕ್ಷರು ಗೊತ್ತುಮಾಡಲಾಗದು ಎಂಬ ಈ ಎರಡು ಅಂಶಗಳಿಂದಲೇ ಪ್ರಕರಣಕ್ಕೆ ಮಹತ್ವ. ಡಿಸೆಂಬರ್ ಉಪಚುನಾವಣೆಯಲ್ಲಿ ಅನರ್ಹರಲ್ಲಿ ಹಲವರು ಬಿಜೆಪಿಯಿಂದ ಗೆದ್ದು ಮರಳಿದರು.

ಆರೋಗ್ಯ ಇಲಾಖೆ, ನೀರು. ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸುವ 2017ರ ತಿದ್ದುಪಡಿ ಮಸೂದೆಗೆ ವೈದ್ಯರು ಮುಷ್ಕರ ಹೂಡಿದರು. ಅದು ಸಡಿಲಗೊಂಡು ಅಂಗೀಕಾರವಾಯಿತು. ಜಿಲ್ಲೆಯ ಮಟ್ಟಿಗೆ ಇವರ ಹೆಸರು ಕೆ.ಸಿ. ವ್ಯಾಲಿ ಯೋಜನೆಯೊಂದಿಗೆ ಹೆಣೆದುಕೊಂಡಿದೆ. ಬೆಂಗಳೂರಿನ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್ ಹರಿಸಿ ಕೆರೆ ತುಂಬಿಸಿ, ಅಂತರ್ಜಲ ಏರಿಸುವುದು ಇದರ ಗುರಿ. ಜೀವನದಿಯಿಲ್ಲದ ಸೀಮೆಯಲ್ಲಿ 2018ರಲ್ಲಿ ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಅಲ್ಲಿ ನೊರೆ ಎದ್ದಾಗ ವಿವಾದ ನ್ಯಾಯಾಲಯ ಮುಟ್ಟಿತು. ಮೂರನೆಯ ಹಂತದ ಶುದ್ಧೀಕರಣಕ್ಕೆ ರೈತ ಸಂಘಟನೆಗಳ ಒತ್ತಾಯ ನಿಂತಿಲ್ಲ.

ಪಾಂಡಿತ್ಯ, ಹಾಸ್ಯ ಬೆರೆತ ಸದನದ ಮಾತುಗಾರರೆಂದು ಹೆಸರಾಗಿದ್ದರೂ, 2021ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ಅತ್ಯಾಚಾರವನ್ನು ಉಪಮೆಯಾಗಿ ಬಳಸಿದ್ದು ದೇಶವ್ಯಾಪಿ ಖಂಡನೆಗೆ ಗುರಿಯಾಯಿತು. ಸದನದಲ್ಲಿ ಕ್ಷಮೆ ಕೋರಿದರು. 2023ರಲ್ಲಿ ಜೆಡಿಎಸ್‌ನಿಂದ ನಿಂತ ವೆಂಕಟಶಿವಾರೆಡ್ಡಿ ಅವರಿಗೆ ಸೋತರು.