ತಂದೆಯ ಹೆಸರಿನ ಹಕ್ಕು: ಆದವಾನಿ ಸೀಮೆಯ ಬಸವಿ ಮಕ್ಕಳು ಮತ್ತು ಪಿತೃತ್ವದ ಕಾನೂನು

ಆದವಾನಿ, ಆಲೂರು ಮತ್ತು ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಕೌತಾಳಂ, ಹೊಳಗುಂದ, ಹಾಲಹರವಿ, ಕೋಸಿಗಿ ಕಡೆಯ ಹಳ್ಳಿಗಳಲ್ಲಿ ಕನ್ನಡ ಇಂದಿಗೂ ಮನೆಮಾತು. ಬಳ್ಳಾರಿಗೂ ಈ ಸೀಮೆಗೂ ಸಮಾನವಾಗಿ ಬಂದ ಹಳೆಯ ಪದ್ಧತಿಗಳಲ್ಲಿ ಹೆಣ್ಣುಮಗಳನ್ನು ದೇವರಿಗೆ ಬಸವಿ ಬಿಡುವುದೂ ಒಂದು. ಬಸವಿಗೆ ಮನುಷ್ಯ ಗಂಡನಿಲ್ಲ, ಮಕ್ಕಳಿರುತ್ತಾರೆ. ಆ ಮಕ್ಕಳಿಗೆ ತಂದೆ ಯಾರು ಎಂಬ ಪ್ರಶ್ನೆಗೆ ಜಾತಿಯ ಕಟ್ಟಳೆ, ಧರ್ಮಶಾಸ್ತ್ರ, ಬ್ರಿಟಿಷ್ ಕಾಯಿದೆ ಮತ್ತು ಸ್ವತಂತ್ರ ಭಾರತದ ಶಾಸನ ಬೇರೆಬೇರೆ ಉತ್ತರ ಕೊಟ್ಟಿವೆ. ಮಗುವಿಗೆ ಸಲ್ಲಬೇಕಾದ ಹೆಸರು, ಅನ್ನ, ಆಸ್ತಿ ಈ ಮೂರನ್ನೂ ಒಟ್ಟಿಗೆ ತಂದೆಯಿಂದ ಕೊಡಿಸಿದ ವ್ಯವಸ್ಥೆ ಇಲ್ಲಿ ಯಾವ ಕಾಲದಲ್ಲೂ ಇರಲಿಲ್ಲ ಎಂಬುದು ಈ ಲೇಖನದ ವಾದ.

ತಾತನ ಬೆಡಗು

ಮದ್ರಾಸ್ ಪ್ರಾಂತ್ಯದ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ 1891ರಲ್ಲಿ ಮುಂಬಯಿಯ ಮಾನವಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಬಸವಿಯರ ಬಗ್ಗೆ ದೀರ್ಘ ಪ್ರಬಂಧ ಪ್ರಕಟಿಸಿದರು. ದೇವರಿಗೆ ಸಮರ್ಪಣೆಯಾಗಿ ಗಂಡಿನ ಹಕ್ಕುಗಳನ್ನು ಪಡೆಯುವ ಹೆಂಗಸರು ಎಂಬುದು ಆ ಪ್ರಬಂಧದ ತಲೆಬರಹದ ಸಾರ. 1904ರ ಬಳ್ಳಾರಿ ಗೆಜೆಟಿಯರ್‌ನಲ್ಲಿ ಡಬ್ಲ್ಯು. ಫ್ರಾನ್ಸಿಸ್ ಇದನ್ನು ಇನ್ನಷ್ಟು ಸ್ಪಷ್ಟವಾಗಿ ವಿವರಿಸಿದ್ದಾರೆ. ಗಂಡುಮಕ್ಕಳಿಲ್ಲದ ತಂದೆತಾಯಿ ದತ್ತು ತೆಗೆದುಕೊಳ್ಳುವ ಬದಲು ಮಗಳನ್ನು ದೇವಸ್ಥಾನಕ್ಕೆ ಬಿಡುತ್ತಾರೆ. ಅಲ್ಲಿಂದ ಮುಂದೆ ಆಕೆ ಮಗನಂತೆ ಆಸ್ತಿಗೆ ಬಾಧ್ಯಳು, ಹೆತ್ತವರ ಉತ್ತರಕ್ರಿಯೆಗೂ ಅರ್ಹಳು. ಆಕೆ ತವರಿನಲ್ಲೇ ಇದ್ದು, ತನ್ನ ಜಾತಿಯ ಅಥವಾ ಮೇಲಿನ ಜಾತಿಯ ಗಂಡಸನ್ನು ಆರಿಸಿಕೊಳ್ಳುತ್ತಾಳೆ. ಹುಟ್ಟಿದ ಮಕ್ಕಳಿಗೆ ಹೆತ್ತ ತಂದೆಯ ಬೆಡಗು (ಕುಲ) ಬರುವುದಿಲ್ಲ. ತಾಯಿಯ ತಂದೆಯ ಹೆಸರೂ ಬೆಡಗೂ ಬರುತ್ತವೆ. ಜಾತಿಯೊಳಗೆ ಅವರ ಮದುವೆಗೆ ಅಡ್ಡಿಯಿರಲಿಲ್ಲ.

ಆಸ್ತಿ ಹೊರಗೆ ಹೋಗದಂತೆ, ವಂಶ ನಿಲ್ಲದಂತೆ ನೋಡಿಕೊಳ್ಳಲು ಕುಟುಂಬ ಹೂಡಿದ ಉಪಾಯವಿದು. ಮಗುವಿಗೆ ಹೆಸರು, ಕುಲ, ತಾತನಿಗೆ ಹೊಲವಿದ್ದರೆ ಹೊಲವೂ ಸಿಗುತ್ತಿತ್ತು. ಇದರ ಬೆಲೆ ತೆತ್ತವಳು ತನ್ನ ಒಪ್ಪಿಗೆ ಹೇಳುವ ವಯಸ್ಸೂ ಬಾರದ ಹುಡುಗಿ. ಹುಟ್ಟಿಸಿದ ಗಂಡಸಿನ ಮೇಲೆ ಮಾತ್ರ ಯಾವ ಹೊರೆಯೂ ಬೀಳಲಿಲ್ಲ. ಹೊಲವೇ ಇಲ್ಲದ ಮನೆಗಳಲ್ಲಿ ಪದ್ಧತಿ ಉಳಿದು ಅದರ ಆಧಾರ ಕುಸಿದಾಗ, ಬಸವಿಯ ಮಗುವಿನ ಪಾಲಿಗೆ ಉಳಿದದ್ದು ತಾಯಿಯ ಕೂಲಿಯೊಂದೇ.

ಮಿತಾಕ್ಷರದ ಉತ್ತರ

ಬ್ರಿಟಿಷ್ ನ್ಯಾಯಾಲಯಗಳು ಈ ಸೀಮೆಯ ಹಿಂದೂಗಳಿಗೆ ಅನ್ವಯಿಸಿದ್ದು ಮಿತಾಕ್ಷರವನ್ನು. ಅದು ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ವಿಜ್ಞಾನೇಶ್ವರ ಬರೆದ ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ಮದುವೆಯಾಗದ ಕನ್ಯೆಗೆ ಹುಟ್ಟಿದವನನ್ನು ಸ್ಮೃತಿ ಕಾನೀನನೆಂದು ಕರೆದು ತಾಯಿಯ ತಂದೆಯ ಮಗನೆಂದು ಎಣಿಸುತ್ತದೆ. ಗಂಡುಮಕ್ಕಳಿಲ್ಲದವನು ಮಗಳನ್ನೇ ಮಗನ ಸ್ಥಾನದಲ್ಲಿಟ್ಟರೆ ಆಕೆ ಪುತ್ರಿಕೆ. ಬಸವಿ ಪದ್ಧತಿಗೂ ಈ ಎರಡು ಕಲ್ಪನೆಗಳಿಗೂ ಇರುವ ಹೋಲಿಕೆ ಎದ್ದು ಕಾಣುತ್ತದೆ.

ತಂದೆಯ ಕಡೆಯಿಂದ ಸಿಗುವ ಹಕ್ಕಿಗೆ ಇದ್ದ ದಾರಿ ದಾಸೀಪುತ್ರನ ನಿಯಮ. ಶೂದ್ರನಿಗೆ ದಾಸಿಯಲ್ಲಿ ಹುಟ್ಟಿದ ಮಗ ತಂದೆ ಮನಸ್ಸು ಮಾಡಿದರೆ ಪಾಲು ಪಡೆಯಬಹುದು. ತಂದೆ ಸತ್ತ ಮೇಲೆ ಅಣ್ಣತಮ್ಮಂದಿರು ಅವನಿಗೆ ಅರ್ಧ ಭಾಗ ಕೊಡಬೇಕು. ತಂದೆ ದ್ವಿಜನಾಗಿದ್ದರೆ ಪಾಲಿಲ್ಲ, ಜೀವನಾಂಶ ಮಾತ್ರ. ಹೆಣ್ಣುಮಕ್ಕಳ ಮಾತೇ ಇಲ್ಲ. ಮದ್ರಾಸ್ ಹೈಕೋರ್ಟ್ ಮತ್ತು ಪ್ರಿವಿ ಕೌನ್ಸಿಲ್ ಈ ನಿಯಮವನ್ನು ಇಟ್ಟುಕೊಂಡ ಹೆಂಗಸಿನ ಮಕ್ಕಳಿಗೂ ವಿಸ್ತರಿಸಿದವು. 1931ರಲ್ಲಿ ಪ್ರಿವಿ ಕೌನ್ಸಿಲ್ ಅಂಥ ಮಗನಿಗೆ ಕುಟುಂಬದ ಸದಸ್ಯನ ಸ್ಥಾನವಿದೆ ಎಂದೂ ಒಪ್ಪಿತು. ಆದರೆ ಹೆಣ್ಣು ಒಬ್ಬನೊಂದಿಗೇ, ನಿರಂತರವಾಗಿ ಬಾಳಿದ್ದಳೆಂದು ಸಾಬೀತಾಗಬೇಕಿತ್ತು. ತವರಿನಲ್ಲಿದ್ದು, ಗಂಡಸು ಬಂದು ಹೋಗುತ್ತಿದ್ದ ಬಸವಿಗೆ ಈ ಪುರಾವೆ ಒದಗಿಸುವುದು ಕಷ್ಟ. ಬಂದುಹೋಗುವವನು ಮೇಲ್ಜಾತಿಯ ಜಮೀನುದಾರನಾಗಿದ್ದರೆ ನಿಯಮವೇ ಆಕೆಯ ಮಗನನ್ನು ಹೊರಗಿಡುತ್ತಿತ್ತು.

ಮ್ಯಾಜಿಸ್ಟ್ರೇಟ್ ಕೊಡಿಸಿದ ಅನ್ನ

ಜಾತಿ ನೋಡದೆ, ಗಂಡು ಹೆಣ್ಣೆನ್ನದೆ ಮಗುವಿನ ಪರ ನಿಂತದ್ದು ದಂಡ ಪ್ರಕ್ರಿಯಾ ಸಂಹಿತೆ. 1898ರ ಸಂಹಿತೆಯ 488ನೆಯ ಕಲಮಿನ ಪ್ರಕಾರ ಔರಸವಾಗಲಿ ಅನೌರಸವಾಗಲಿ, ತನ್ನನ್ನು ತಾನು ಸಾಕಿಕೊಳ್ಳಲಾಗದ ಮಗುವಿಗೆ ಅನುಕೂಲವಿರುವ ತಂದೆ ಜೀವನಾಂಶ ಕೊಡಬೇಕು. ತಿಂಗಳಿಗೆ 50 ರೂಪಾಯಿ ಗರಿಷ್ಠ ಮಿತಿ. ಅದು 1923ರಲ್ಲಿ 100, 1955ರಲ್ಲಿ 500 ಆಯಿತು. 1973ರ ಸಂಹಿತೆಯ 125ನೆಯ ಕಲಮು ಇದನ್ನು ಮುಂದುವರಿಸಿತು, 2001ರಲ್ಲಿ ಗರಿಷ್ಠ ಮಿತಿ ಹೋಯಿತು. 2024ರ ಜುಲೈ 1ರಿಂದ ಇದೇ ಹಕ್ಕು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಲ್ಲಿದೆ.

ಪುರಾವೆಯೇ ಇಲ್ಲಿನ ತೊಡಕು. 1872ರ ಸಾಕ್ಷ್ಯ ಕಾಯಿದೆಯ 112ನೆಯ ಕಲಮು ಮದುವೆಯೊಳಗೆ ಹುಟ್ಟಿದ ಮಗುವಿಗೆ ಗಂಡನೇ ತಂದೆಯೆಂಬ ಬಲವಾದ ಪೂರ್ವಭಾವನೆ ಕೊಟ್ಟಿತು. ಬಸವಿಯ ಮಗುವಿಗೆ ಅದು ದಕ್ಕುವಂತಿರಲಿಲ್ಲ. ಇದ್ದ ಆಸರೆ 50ನೆಯ ಕಲಮು: ಸಂಬಂಧವನ್ನು ಬಲ್ಲವರು ತಮ್ಮ ನಡವಳಿಕೆಯಿಂದ ತೋರಿಸಿದ ಅಭಿಪ್ರಾಯವೂ ಸಾಕ್ಷ್ಯ. ಹೆರಿಗೆಯ ಖರ್ಚು ಕೊಟ್ಟದ್ದು, ತೊಟ್ಟಿಲ ಶಾಸ್ತ್ರಕ್ಕೆ ಬಂದದ್ದು, ಹಬ್ಬಕ್ಕೆ ಬಟ್ಟೆ ತಂದದ್ದು ಇಂಥ ಸಂಗತಿಗಳೇ ಪುರಾವೆಯಾಗಬೇಕು. ಅವನ್ನು ಕಣ್ಣಾರೆ ಕಂಡ ಊರವರು ಅವನ ಹೊಲದಲ್ಲೇ ದುಡಿಯುವವರಾದರೆ ಸಾಕ್ಷಿ ಹೇಳುವ ಧೈರ್ಯ ಎಲ್ಲಿಂದ ಬರಬೇಕು? ಗೆದ್ದರೂ ಸಿಗುವುದು ಜೀವನಾಂಶ. ಮ್ಯಾಜಿಸ್ಟ್ರೇಟರ ಆದೇಶ ಸಂಕ್ಷಿಪ್ತ ವಿಚಾರಣೆಯ ಫಲವಾದ್ದರಿಂದ ಪಿತೃತ್ವದ ಬಗ್ಗೆ ಅದೇ ಕೊನೆಯ ಮಾತಲ್ಲ. ಅದಕ್ಕೆ ಸಿವಿಲ್ ದಾವೆ ಬೇಕು.

ದಫ್ತರದ ಅಂಕಣ

ತಂದೆ ತಾನಾಗಿ ಒಪ್ಪಿಕೊಂಡು ಹೆಸರು ಬರೆಸುವ ಸರಳ ವಿಧಾನ ಬ್ರಿಟಿಷ್ ಭಾರತಕ್ಕೆ ಅಪರಿಚಿತವಾಗಿರಲಿಲ್ಲ. 1886ರ ಜನನ, ಮರಣ ಮತ್ತು ವಿವಾಹ ನೋಂದಣಿ ಕಾಯಿದೆಯ ಪ್ರಕಾರ ಅನೌರಸ ಮಗುವಿನ ತಂದೆಯ ಹೆಸರನ್ನು ತಾಯಿ ಮತ್ತು ತಂದೆಯೆಂದು ಒಪ್ಪಿಕೊಂಡವನು ಜಂಟಿಯಾಗಿ ಕೇಳಿದರೆ ಬರೆಯಬಹುದಿತ್ತು. ಇಬ್ಬರೂ ದಫ್ತರದಲ್ಲಿ ಸಹಿ ಮಾಡಬೇಕಿತ್ತು. ಆ ಸೌಲಭ್ಯ ಮುಖ್ಯವಾಗಿ ಕ್ರೈಸ್ತರಿಗೆ ಮತ್ತು ಉತ್ತರಾಧಿಕಾರ ಕಾಯಿದೆಗೆ ಒಳಪಟ್ಟವರಿಗೆ ಮೀಸಲು. ಆದವಾನಿಯ ಬಸವಿ ಅದರ ವ್ಯಾಪ್ತಿಗೆ ಬರಲಿಲ್ಲ.

ಗೋವೆಯಲ್ಲಿ 1867ರ ಪೋರ್ಚುಗೀಸ್ ಸಿವಿಲ್ ಸಂಹಿತೆ ಮದುವೆಯ ಹೊರಗೆ ಹುಟ್ಟಿದ ಮಗುವನ್ನು ತಂದೆ ಅಧಿಕೃತವಾಗಿ ಅಂಗೀಕರಿಸುವ ಕ್ರಮವನ್ನು ತಂದಿತು. ಅಂಗೀಕಾರ ಪಡೆದ ಮಗುವಿಗೆ ತಂದೆಯ ಹೆಸರು, ಪೋಷಣೆ, ವಾರಸುದಾರಿಕೆ ಮೂರೂ ಸಿಗುತ್ತಿದ್ದವು. ಭಾರತದ ನೆಲದಲ್ಲೇ ನಡೆದುಬಂದ ಈ ಕ್ರಮ ನಮ್ಮ ಸೀಮೆಗೆ ದೂರದ ಆದರ್ಶವೇನಲ್ಲ.

ಸುಧಾರಣೆಯ ಗಳಿಕೆ, ಸುಧಾರಣೆಯ ನಷ್ಟ

ಆದವಾನಿ ಇನ್ನೂ ಮದ್ರಾಸಿನಲ್ಲಿದ್ದಾಗಲೇ, ಮುತ್ತುಲಕ್ಷ್ಮಿ ರೆಡ್ಡಿ ಅವರ ದೀರ್ಘ ಹೋರಾಟದ ಫಲವಾಗಿ, 1947ರ ಮದ್ರಾಸ್ ದೇವದಾಸಿ ಕಾಯಿದೆ ಸಮರ್ಪಣೆಯನ್ನು ನಿಷೇಧಿಸಿತು. ಸಮರ್ಪಿತಳಾದವಳಿಗೂ ಮದುವೆಯ ಹಕ್ಕಿದೆ ಎಂದು ಸಾರಿತು. 1988ರಲ್ಲಿ ಆಂಧ್ರಪ್ರದೇಶ ತನ್ನದೇ ನಿಷೇಧ ಕಾಯಿದೆ ಮಾಡಿತು. ಹಿಂದೂ ಉತ್ತರಾಧಿಕಾರ ಕಾಯಿದೆಗೆ 1985ರ ಸೆಪ್ಟೆಂಬರ್ 5ರಿಂದ ಜಾರಿಗೆ ಬಂದ ರಾಜ್ಯ ತಿದ್ದುಪಡಿಯಿಂದ ಅವಿವಾಹಿತ ಹೆಣ್ಣುಮಕ್ಕಳು ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಸಮಾನರಾದರು. ಮಗಳಿಗೆ ಆಸ್ತಿ ಉಳಿಸಲು ಆಕೆಯನ್ನು ದೇವರಿಗೆ ಬಿಡಬೇಕೆಂಬ ಹಳೆಯ ನೆಪ ಅಲ್ಲಿಗೆ ಪೂರ್ತಿ ಬಿದ್ದುಹೋಯಿತು.

ಈ ಕಾಯಿದೆಗಳು ತಾಯಿಯನ್ನು ನೋಡಿದವು, ಆಗಲೇ ಹುಟ್ಟಿದ ಮಗುವಿನ ತಂದೆಯನ್ನು ಹುಡುಕಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಅನೌರಸ ಮಗುವಿನ ಸಂಬಂಧವನ್ನು ತಾಯಿಗೆ ಮತ್ತು ಒಡಹುಟ್ಟಿದವರಿಗೆ ಸೀಮಿತಗೊಳಿಸಿತು. ದಾಸೀಪುತ್ರನಿಗಿದ್ದ ಅರ್ಧ ಪಾಲೂ ಅದರೊಂದಿಗೆ ಹೋಯಿತು. ಜಾತಿಯ ಮೇಲೆ ನಿಂತ ಆ ನಿಯಮ ಹೋಗಬೇಕಾದದ್ದೇ ಸರಿ. ಅದರ ಜಾಗದಲ್ಲಿ ಎಲ್ಲ ಮಕ್ಕಳಿಗೂ ಸಮನಾದ ಹಕ್ಕು ಬರಬೇಕಿತ್ತು, ಬರಲಿಲ್ಲ. ಅದೇ ವರ್ಷದ ದತ್ತಕ ಮತ್ತು ಜೀವನಾಂಶ ಕಾಯಿದೆ ತಂದೆಯ ಪೋಷಣೆಯ ಹೊಣೆಯನ್ನಷ್ಟೇ ಉಳಿಸಿತು. ಹಿಂದೂ ವಿವಾಹ ಕಾಯಿದೆಯ 16ನೆಯ ಕಲಮು ಅಸಿಂಧು ಮದುವೆಯ ಮಕ್ಕಳನ್ನು ಔರಸರೆಂದು ಎಣಿಸುತ್ತದೆ. ಕರ್ನಾಟಕದಿಂದ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್ 1ರಂದು, ಅವಿಭಕ್ತ ಕುಟುಂಬದಲ್ಲಿ ತಂದೆಯ ಪಾಲಿಗೆ ಬರುವ ಆಸ್ತಿಯಲ್ಲೂ ಅವರಿಗೆ ಹಕ್ಕಿದೆ ಎಂದಿತು. ಆ ಕಲಮಿನ ನೆರಳು ಸಿಗಲು ಮದುವೆಯೆಂಬುದು ಒಂದಾದರೂ ನಡೆದಿರಬೇಕು. ದೇವರ ಹೆಸರಿನ ತಾಳಿ ಆ ಲೆಕ್ಕಕ್ಕೆ ಬರುವುದಿಲ್ಲ.

ಹೈದರಾಬಾದಿನ ಪ್ರಯೋಗಾಲಯ

ಪುರಾವೆಯ ಇತಿಹಾಸ ತಿರುವು ಪಡೆದದ್ದು ಆಗಿನ ರಾಜಧಾನಿ ಹೈದರಾಬಾದಿನಲ್ಲಿ. ಕೇರಳದ ತಲಶ್ಶೇರಿಯ ಅವಿವಾಹಿತ ತಾಯಿಯೊಬ್ಬರ ಮಗುವಿನ ಜೀವನಾಂಶದ ವ್ಯಾಜ್ಯದಲ್ಲಿ ಇಲ್ಲಿನ ಕೋಶೀಯ ಮತ್ತು ಅಣುಜೀವಶಾಸ್ತ್ರ ಕೇಂದ್ರದ ವಿಜ್ಞಾನಿ ಲಾಲ್‌ಜಿ ಸಿಂಗ್ ಡಿಎನ್‌ಎ ಸಾಕ್ಷ್ಯ ಒದಗಿಸಿದರು; 1991ರಲ್ಲಿ ಕೇರಳ ಹೈಕೋರ್ಟ್ ಅದನ್ನು ಒಪ್ಪಿತು. 1993ರಲ್ಲಿ ಗೌತಮ್ ಕುಂಡು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೇಳಿದ ಮಾತ್ರಕ್ಕೆ ರಕ್ತಪರೀಕ್ಷೆಗೆ ಆದೇಶಿಸಬಾರದೆಂದು ಎಚ್ಚರಿಸಿತು. 2014ರ ಬಡವಾಯಿಕ್ ತೀರ್ಪು ವಿಜ್ಞಾನದ ಪುರಾವೆ ಪೂರ್ವಭಾವನೆಗಿಂತ ಮೇಲೆಂದಿತು. ಊರವರು ಬಾಯಿ ಬಿಡದಿದ್ದರೂ ಸತ್ಯ ಹೊರಬರುವ ದಾರಿ ಈಗ ಇದೆ.

ಇನ್ನೊಂದು ಬಗೆಯ ಹಕ್ಕು 2015ರ ಜುಲೈ 6ರಂದು ಬಂತು. ಅವಿವಾಹಿತ ತಾಯಿ ತಂದೆಯ ಹೆಸರು ಹೇಳದೆಯೇ ಮಗುವಿನ ಪಾಲಕಳಾಗಬಹುದು, ಆಕೆಯ ಪ್ರಮಾಣಪತ್ರದ ಮೇಲೆ ಜನನ ಪತ್ರ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಶಾಲೆಗೆ ಸೇರಿಸುವಾಗ ತಾತನ ಅಥವಾ ಸೋದರಮಾವನ ಹೆಸರನ್ನು ತಂದೆಯ ಅಂಕಣದಲ್ಲಿ ಬರೆಸಬೇಕಾಗಿದ್ದ ತಾಯಂದಿರಿಗೆ ಇದು ದೊಡ್ಡ ಬಿಡುಗಡೆ. ಮೌನವಾಗಿರುವ ಹಕ್ಕನ್ನು ಇದು ತಾಯಿಗೆ ಕೊಟ್ಟಿತು. ತಂದೆ ಯಾರೆಂದು ಕೇಳಿ ಪಡೆಯುವ ಹಕ್ಕು ಮಗುವಿಗೆ ಇದರ ಜತೆಗೇ ಬೇಕು.

ಉಪಸಂಹಾರ

ತಾಯಿಯ ಮೌನದ ಹಕ್ಕು, ಮಗುವಿನ ಕೇಳುವ ಹಕ್ಕು ಎರಡನ್ನೂ ಜೋಡಿಸುವ ಪ್ರಯತ್ನ ನೆರೆಯಲ್ಲೇ ನಡೆದಿದೆ. ಕರ್ನಾಟಕ ವಿಧಾನಮಂಡಲ 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ದೇವದಾಸಿ ವಿಧೇಯಕ, ದಾಖಲೆಗಳಲ್ಲಿ ತಂದೆಯ ಹೆಸರಿನ ಒತ್ತಾಯ ಬೇಡವೆನ್ನುತ್ತದೆ. ಬಯಸಿದ ಮಕ್ಕಳಿಗೆ ಪಿತೃತ್ವ ಸ್ಥಾಪಿಸಿಕೊಳ್ಳುವ ದಾರಿಯನ್ನೂ ತೆರೆಯುತ್ತದೆ. ಸಿರುಗುಪ್ಪದ ಕಡೆಯ ಮಗುವಿಗೂ ಹೊಳಗುಂದದ ಕಡೆಯ ಮಗುವಿಗೂ ಹಿಂದಿನ ಕಟ್ಟಳೆ ಒಂದೇ, ಬೆಡಗಿನ ಲೆಕ್ಕವೂ ಒಂದೇ. 1953ರ ಗಡಿ ಅವರ ಹಕ್ಕನ್ನು ಎರಡು ಮಾಡಬಾರದು.

ಆಂಧ್ರಪ್ರದೇಶ ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ತಾಯಿಯ ಒಪ್ಪಿಗೆಯೊಂದಿಗೆ ತಂದೆ ಸಹಿ ಹಾಕಿ ಮಗುವನ್ನು ಅಂಗೀಕರಿಸುವ ಅವಕಾಶ ಗ್ರಾಮ ಸಚಿವಾಲಯದಲ್ಲೇ ಇರಲಿ. ಅವನು ನಿರಾಕರಿಸಿದರೆ ಡಿಎನ್‌ಎ ಪರೀಕ್ಷೆಯ ಖರ್ಚನ್ನೂ ವಕೀಲರ ನೆರವನ್ನೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಹೊರಲಿ. ಸಾಬೀತಾದ ಪಿತೃತ್ವಕ್ಕೆ ಪೋಷಣೆಯ ಜತೆ ವಾರಸುದಾರಿಕೆಯೂ ಸೇರುವಂತೆ 1956ರ ಕಾಯಿದೆಗೆ ತಿದ್ದುಪಡಿ ಬರಲಿ. ನೂರಾರು ವರ್ಷ ಈ ಸೀಮೆಯ ಹೆಣ್ಣುಮಕ್ಕಳು ತಮ್ಮದಲ್ಲದ ಹೊಣೆಯನ್ನೂ ಹೊತ್ತು ಮಕ್ಕಳನ್ನು ಬೆಳೆಸಿದ್ದಾರೆ. ಆ ಹೊಣೆಯಲ್ಲಿ ಗಂಡಸಿನ ಪಾಲನ್ನು ಅವನ ಹೆಸರಿಗೆ ಬರೆಯುವುದು ಮಗುವಿಗೆ ಸಲ್ಲಬೇಕಾದ ಕನಿಷ್ಠ ನ್ಯಾಯ.